ಹಗ್ಗದ ಲಕ್ಕಮ್ಮ

ಅಟ್ಟೂರಿನಲ್ಲಿ ಲಕ್ಕಮ್ಮ ಎಂಬ ಹೆಸರಿನವರಿಗೆ ಬರವಿರಲಿಲ್ಲ. ಆದರೆ ರಾಜಾನುಕುಂಟೆ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ‘ಹಗ್ಗದ ಲಕ್ಕಮ್ಮನ ಮನೆ ಯಾವುದು’ ಎಂದರೆ ಹಾಲು ಕುಡಿಯುವ ಕೂಸೂ ಬೆರಳು ಮಾಡಿ ತೋರಿಸುತ್ತಿತ್ತು. ಈ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ. ಒಂದಿಡೀ ಬೆಳೆ ಕಾಲ ಗಂಡನ ಮುನಿಸನ್ನು ತಲೆಯ ಮೇಲೆ ಹೊತ್ತು ಸಂಪಾದಿಸಿದ್ದು.

ಗಂಡ ಚಿಕ್ಕಹನುಮಯ್ಯ ಮೈಸೂರು ಸಂಸ್ಥಾನದ ಪಡೆಯ ಸಿಪಾಯಿಯಾಗಿ ಸಿಂಗಪುರಕ್ಕೆ ಹೋಗಿ ಜಪಾನಿಯರ ಕೈಗೆ ಸೆರೆ ಸಿಕ್ಕಿದ್ದ. ಯುದ್ಧ ಮುಗಿದು ಊರಿಗೆ ಬಂದಾಗ ಮೈಯಲ್ಲಿ ಮೂಳೆ ಚಕ್ಕಳ ಬಿಟ್ಟರೆ ಬೇರೇನೂ ಇರಲಿಲ್ಲ. ಸೆರೆಯಲ್ಲಿ ಒಬ್ಬ ಕಾವಲಿನವನು ಅನ್ನದ ತಟ್ಟೆಯನ್ನು ಬೂಟುಗಾಲಿನಿಂದ ಒದ್ದದ್ದನ್ನು, ತಾನು ಕೆಸರಿನಿಂದ ಅಗುಳು ಆಯ್ದು ತಿಂದದ್ದನ್ನು ಒಂದೇ ಒಂದು ಸಲ ಹೆಂಡತಿಗೆ ಹೇಳಿ ಬಾಯಿ ಮುಚ್ಚಿಕೊಂಡಿದ್ದ.

ಐವತ್ತೈದನೇ ಇಸವಿ. ಅಷ್ಟು ಹೊತ್ತಿಗೆ ನಮ್ಮ ದೇಶದ ಮತ್ತು ಜಪಾನಿನ ದೊಡ್ಡವರು ಶಾಂತಿ ಒಪ್ಪಂದಕ್ಕೆ ರುಜು ಹಾಕಿ ಕೈ ಕುಲುಕಿಯಾಗಿತ್ತು. ಅದಿರು ಅತ್ತ ಹೋಗುತ್ತಿತ್ತು, ಯಂತ್ರ ಇತ್ತ ಬರುತ್ತಿತ್ತು. ಅದರ ಜೊತೆಗೆ ಜಪಾನ್ ಪದ್ಧತಿಯ ಭತ್ತದ ನಾಟಿಯೂ ಬಂತು. ಅದನ್ನು ತೋರಿಸಿಕೊಡಲು ಮೊರಿತಾ ಎಂಬ ಜಪಾನಿ ಹೆಬ್ಬಾಳದ ಬೇಸಾಯದ ಶಾಲೆಗೆ ಬಂದಿಳಿದ. ಗ್ರಾಮಸೇವಕ ಬದರೀನಾಥ ಅವನನ್ನು ಅಟ್ಟೂರಿಗೆ ಕರೆತಂದು, ಪ್ರಯೋಗಕ್ಕೆ ಒಂದು ಗದ್ದೆ ಬೇಕೆಂದ. ಗಂಡಸರೆಲ್ಲ ನೆಲ ನೋಡಿದರು.

“ನಂದೈತೆ, ತಗೊಳ್ಳಿ,” ಎಂದಳು ಲಕ್ಕಮ್ಮ. ಕೆರೆಯ ಕೆಳಗಿನ ಆ ತುಂಡು ಗದ್ದೆ ಅವಳಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅಲ್ಲಿ ಅವಳ ಮಾತೇ ಮಾತು.

ಚಿಕ್ಕಹನುಮಯ್ಯ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಆ ಗದ್ದೆಗೆ ನಾನು ಕಾಲಿಡಾಕಿಲ್ಲ. ಅದ್ರಾಗೆ ಬೆಳ್ದ ಅನ್ನ ಮುಟ್ಟಾಕೂ ಇಲ್ಲ,” ಎಂದ.

ಹಸಿದು ಬಂದ ಗಂಡನಿಗೆ ವರ್ಷಗಟ್ಟಲೆ ಅನ್ನ ಬಡಿಸಿ ಮೈ ತುಂಬಿಸಿದವಳು ಲಕ್ಕಮ್ಮ. ಅವನು ತನ್ನ ಗದ್ದೆಯ ಅನ್ನ ಬೇಡವೆಂದರೆ ಆ ಗದ್ದೆ ಇದ್ದರೇನು, ಬಿಟ್ಟರೇನು? ಆದರೂ ಆಡಿದ ಮಾತು ಹಿಂತೆಗೆಯುವ ಜಾಯಮಾನ ಅವಳದಲ್ಲ.

ನಾಟಿಯ ದಿನ ಊರೇ ಬದುವಿನ ಮೇಲೆ ನೆರೆಯಿತು. ಗದ್ದೆಗೆ ಅಡ್ಡಲಾಗಿ ಹಗ್ಗ ಹಿಡಿಯಬೇಕು, ಅದರ ಗುಂಟ ಸಾಲಾಗಿ ನೆಡಬೇಕು, ಎಲ್ಲರೂ ಮುಗಿಸಿದ ಮೇಲೆ ಹಗ್ಗ ಗೇಣು ಹಿಂದೆ ಸರಿಯಬೇಕು. ನಮ್ಮ ಹೆಣ್ಣಾಳುಗಳಿಗೆ ಇದೆಲ್ಲಿ ಗೊತ್ತು? ಅವರದು ತಮ್ಮ ತಮ್ಮ ಪಟ್ಟಿ ಹಿಡಿದು ಒಬ್ಬರ ಮೇಲೊಬ್ಬರು ಪಂತ ಕಟ್ಟಿ ನೆಡುವ ರೂಢಿ. ಗೋಪಾಲಮ್ಮ ಚಕಚಕನೆ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪಕ್ಕದ ಮುದುಕಿ ಅರ್ಧದಲ್ಲೇ ಇದ್ದಳು. ಕಾಯುವವಳಿಗೆ ಸಿಟ್ಟು, ಕಾಯಿಸಿದವಳಿಗೆ ಅವಮಾನ. ಬೈಗುಳ ಶುರುವಾಯಿತು, ಹಗ್ಗ ಕೆಸರಿನಲ್ಲಿ ಬಿತ್ತು. ಬದುವಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಪಾಪ ಮೊರಿತಾ, ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ.

ಲಕ್ಕಮ್ಮ ಸೆರಗು ಸಿಕ್ಕಿಸಿ ಗದ್ದೆಗಿಳಿದಳು. ಹಗ್ಗದ ಒಂದು ತುದಿ ಎತ್ತಿಕೊಂಡು, ಇನ್ನೊಂದು ತುದಿ ಪಕ್ಕದ ಗದ್ದೆಯ ಕದಿರಪ್ಪನ ಕೈಗೆ ಕೊಟ್ಟು, ಪದ ಎತ್ತಿದಳು.

“ದೂರದ ನೆಂಟಂಗೆ ಜೊಂಡಿನ ಟೋಪಿ, ಸೋ ಅನ್ರೇ!”

“ಸೋ!” ಎಂದರು ಹೆಂಗಸರು, ನಗು ತಡೆಯಲಾರದೆ.

ಒಂದು ಸೊಲ್ಲಿಗೆ ಒಂದು ಸಾಲು. ‘ಸೋ’ ಎಂದಾಗ ಹಗ್ಗ ಹಿಂದಕ್ಕೆ. ಪದದ ಓಟಕ್ಕೆ ಗೋಪಾಲಮ್ಮನ ಅವಸರ ತಗ್ಗಿತು, ಮುದುಕಿಯ ಕೈ ಚುರುಕಾಯಿತು. ಅದನ್ನು ನೋಡಿದ್ದೇ ಮೊರಿತಾ ಚಪ್ಪಾಳೆ ತಟ್ಟಿದ. ತನ್ನೂರಿನಲ್ಲೂ ಹೆಂಗಸರು ನಾಟಿಗೆ ಪದ ಹೇಳುತ್ತಾರೆಂದ. ಬದರೀನಾಥ ತನಗೆ ಬಂದ ಇಂಗ್ಲಿಷಿನಲ್ಲಿ ಅದನ್ನು ಕೇಳಿ ಎಲ್ಲರಿಗೂ ಹೇಳಿದ. ಹೊತ್ತು ಮುಳುಗುವ ಮುಂಚೆ ಗದ್ದೆ ಪೂರ್ತಿಯಾಯಿತು.

ಪೈರು ಬುಡದಲ್ಲಿ ಕವಲು ಕವಲಾಗಿ ತೆಂಡೆಯೊಡೆದು ತುಂಬಿಕೊಂಡ ಬಗೆಗೆ ನಕ್ಕವರ ಬಾಯಿ ಕಟ್ಟಿತು. ಆದರೆ ಚಿಕ್ಕಹನುಮಯ್ಯ ಆ ಬದುವಿಗೂ ಸುಳಿಯಲಿಲ್ಲ. ಒಕ್ಕಣೆ ಮುಗಿದು ರಾಶಿ ಬಿದ್ದಾಗ ಲಕ್ಕಮ್ಮನಿಗೆ ಪೇಚಿಗಿಟ್ಟುಕೊಂಡಿತು. ಯಜಮಾನನೇ ಕೊಳಗ ಹಿಡಿದು, ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಅಳೆಯುವುದು ಕಣದ ಪದ್ಧತಿ. ಕದಿರಪ್ಪ ತಾನು ಅಳೆಯುತ್ತೇನೆಂದು ಮುಂದೆ ಬಂದ.

“ಬ್ಯಾಡ. ಅಳೆದ್ರೆ ನಮ್ಮನೆಯವರೇ ಅಳೀಬೇಕು,” ಎಂದು ಲಕ್ಕಮ್ಮ ರಾಶಿಯ ಪಕ್ಕ ಕೂತಳು.

ಸುದ್ದಿ ತಿಳಿದು ಚಿಕ್ಕಹನುಮಯ್ಯ ಬಂದನೇನೋ ನಿಜ, ಕಣದ ಹೊರಗೇ ನಿಂತ. ಅಷ್ಟರಲ್ಲಿ ಜೀಪು ಬಂತು. ಮೊರಿತಾ ಇಳಿದವನು ಕಣದ ಅಂಚಿನಲ್ಲಿ ತಡೆದು, ಯಾರೂ ಹೇಳದೆಯೇ ಬೂಟು ಬಿಚ್ಚಿಟ್ಟ. ಬರಿಗಾಲಿನಲ್ಲಿ ಬಂದು ರಾಶಿಗೆ ತಲೆಬಾಗಿದ. ಮಂಡಿಯೂರಿ, ದೂರ ಸಿಡಿದಿದ್ದ ಕಾಳುಗಳನ್ನು ಆಯ್ದು ರಾಶಿಗೆ ಹಾಕತೊಡಗಿದ.

ಚಿಕ್ಕಹನುಮಯ್ಯ ಆ ಬೂಟುಗಳನ್ನೇ ಬಹಳ ಹೊತ್ತು ನೋಡಿದ. “ಇವ್ನೂ ಯುದ್ದಕ್ಕೆ ಓಗಿದ್ನಾ ಕೇಳಿ, ಸ್ವಾಮಿ,” ಎಂದ ಬದರೀನಾಥನಿಗೆ.

ಮೊರಿತಾ ಎದ್ದು ನಿಂತು ಮೆಲ್ಲಗೆ ಉತ್ತರ ಕೊಟ್ಟ. ಬದರೀನಾಥ ಕನ್ನಡದಲ್ಲಿ ಹೇಳಿದ: “ಹೋಗಿದ್ದರಂತೆ. ಸೋತು ಊರಿಗೆ ಬಂದಾಗ ಮನೆಯಲ್ಲಿ ಒಂದು ಹಿಡಿ ಅಕ್ಕಿಯೂ ಇರಲಿಲ್ಲವಂತೆ.”

ಚಿಕ್ಕಹನುಮಯ್ಯ ಚಪ್ಪಲಿ ಕಳಚಿ ಕಣಕ್ಕೆ ಬಂದ. ಕೊಳಗ ಎತ್ತಿದ. “ಲಾಭ!” ಎಂದು ಅವನು ಕೂಗಿದ್ದು ಯಲಹಂಕಕ್ಕೆ ಕೇಳಿಸಿರಬೇಕು. ಅಳೆದಷ್ಟೂ ರಾಶಿ ಕರಗಲೊಲ್ಲದು. ಆ ಗದ್ದೆ ಹಿಂದೆಂದೂ ಅಷ್ಟು ಕೊಟ್ಟಿರಲಿಲ್ಲ. ಲಕ್ಕಮ್ಮ ನಗುತ್ತಲೇ ಅತ್ತಳು, ಯಾರಿಗೂ ಮರೆಮಾಡಲಿಲ್ಲ.

ಹೊಸ ಅಕ್ಕಿಯ ಊಟಕ್ಕೆ ಮೊರಿತಾನನ್ನು ಕರೆಯಲು ಹೋದವನು ಚಿಕ್ಕಹನುಮಯ್ಯನೇ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಅವರೆಕಾಳಿನ ಸಾರಿನಲ್ಲಿ ಅನ್ನ ಕಲಸಿದರು. “ಇನ್ನೊಸಿ ಇಕ್ಕು,” ಎಂದು ಗಂಡ ಎಲೆ ಮುಂದೆ ಸರಿಸಿದಾಗ ಲಕ್ಕಮ್ಮ ಗುಡ್ಡೆ ಮಾಡಿ ಸುರಿದಳು.

ಮರುವರ್ಷ ಸುತ್ತಲ ಹಳ್ಳಿಯವರೆಲ್ಲ ಅವಳನ್ನು ಕರೆಯಲು ಗಾಡಿ ಕಳಿಸಿದರು. ಹೋದಲ್ಲೆಲ್ಲ ಹಗ್ಗದ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದವನು ಚಿಕ್ಕಹನುಮಯ್ಯ. ಎರಡು ದೇಶದ ಸೈನ್ಯಗಳ ಹುಕುಂ ಕೇಳಿ ರೋಸಿಹೋಗಿದ್ದ ಆ ಮನುಷ್ಯ, ಹೆಂಡತಿ ‘ಸೋ’ ಎಂದ ಕೂಡಲೇ ಮರುಮಾತಿಲ್ಲದೆ ಒಂದು ಗೇಣು ಹಿಂದೆ ಸರಿಯುತ್ತಿದ್ದ.