ಮಾವನ ಪ್ಲೇಟಿಗೊಂದು ಮುಳ್ಳು

“ಲೈಸೆನ್ಸ್ ಇರುಕ್ಕಾ ಮೇಡಮ್?”

ಕಳೆದ ವಾರ ದಿಂಡಿಗಲ್ ಪೇಟೆಯ ಒಂದು ಅಂಗಡಿಯಲ್ಲಿ ನನಗೆ ಎದುರಾದ ಪ್ರಶ್ನೆ ಇದು. ನಾನು ಕೇಳಿದ್ದು ಇಷ್ಟೇ, ಕಾರ್ಟ್ರಿಡ್ಜ್ ಇದೆಯಾ ಅಂತ. ತಲೆ ಎತ್ತಿ ನೋಡಿದರೆ ಗೋಡೆ ತುಂಬ ಬಂದೂಕು! ಬಸ್ ಸ್ಟ್ಯಾಂಡಿನಲ್ಲಿ ದಾರಿ ತೋರಿಸಿದ ಪುಣ್ಯಾತ್ಮ ನನ್ನನ್ನು ತೋಟಾ ಮಾರುವ ಅಂಗಡಿಗೆ ಅಟ್ಟಿದ್ದ. (ತರಕಾರಿ ಚೀಲ ಹಿಡಿದ ಹೆಂಗಸು ಯಾರಿಗೆ ಗುಂಡು ಹೊಡೆಯೋಕೆ ಹೊರಟಿದಾಳೆ ಅಂತ ಅವನಾದರೂ ಯೋಚನೆ ಮಾಡಬೇಡವೇ?)

ಅಲ್ಲಿಂದ ಕಂಪ್ಯೂಟರ್ ಸೆಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ “ಬ್ಲ್ಯಾಕಾ, ಕಲರಾ?” ಅಂದಳು. ಪ್ರಿಂಟರಿನ ಇಂಕು!

ನನಗೆ ಬೇಕಾಗಿದ್ದು ಮೂರನೇ ಜಾತಿಯ ಕಾರ್ಟ್ರಿಡ್ಜ್. ರೆಕಾರ್ಡ್ ಪ್ಲೇಯರಿನ ತೋಳಿನ ತುದಿಯಲ್ಲಿ ಮುಳ್ಳನ್ನು ಕಚ್ಚಿಕೊಂಡು ಕೂತಿರುತ್ತಲ್ಲ, ಹೆಬ್ಬೆರಳಿನ ಉಗುರಿನಷ್ಟು ಡಬ್ಬಿ, ಅದು. ಕ್ಯಾಸೆಟ್ಟೇ ಹಳೇದಾಗಿ ಸಿ.ಡಿ. ಬಂದಿರುವ ಈ ಕಾಲದಲ್ಲಿ ಅದು ಯಾರಿಗೆ ಬೇಕು ಅಂತೀರಾ? ನನ್ನ ಸೋದರಮಾವನಿಗೆ.

ಮಾವ ಕಂಬಂನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ನಮ್ಮದು ತಲೆತಲಾಂತರದ ಹಿಂದೆ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ನೆಲೆ ನಿಂತ ಕನ್ನಡದ ಒಕ್ಕಲು ಮನೆತನ ಅಂತ ನಿಮಗೆ ಗೊತ್ತೇ ಇದೆ. ಹೊಸ್ತಿಲ ಒಳಗೆ ಕನ್ನಡ, ಆಚೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲೇ. (ನಾನೊಬ್ಬಳು ಮೈಸೂರಿಗೆ ಹೋಗಿ ಕನ್ನಡ ಅಕ್ಷರ ಕಲಿತು ಕೆಟ್ಟೆ. ಅದಕ್ಕೇ ವಾರವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುತ್ತಿದ್ದೇನೆ.)

ಮಾವ ಪ್ರಾಯದಲ್ಲಿ ಮೈಸೂರಿಗೆ ಹೋಗಿದ್ದಾಗ ಸೋಬಾನೆ ಹಾಡಿನ ಒಂದು ಪ್ಲೇಟು ತಂದಿದ್ದ. ರೆಕಾರ್ಡಿಗೆ ನಾವು ಪ್ಲೇಟು ಅಂತಲೇ ಅನ್ನೋದು. ಮನೆಯಲ್ಲಿ ಎಮ್ಮೆಗೂ ಮಕ್ಕಳಿಗೂ ಬೈಯೋಕೆ ಬಳಸುತ್ತಿದ್ದ ಮಾತು ಹಾರ್ನಿನಲ್ಲಿ ಹಾಡಾಗಿ ಬರುತ್ತದೆ ಅಂತ ನಮ್ಮ ಬೀದಿಗೆ ಗೊತ್ತಾದದ್ದೇ ಆವತ್ತು. ಆಮೇಲೆ ನಮ್ಮವರ ಯಾವ ಕಲ್ಯಾಣವಾದರೂ ಮೊದಲು ಆ ಹಾಡು, ಆಮೇಲೆ ತಮಿಳು ಸಿನಿಮಾ ಹಾಡು. ಅದೂ ಒಂದೇ ಸಲ. “ಹಾಡಿದಷ್ಟೂ ಸವೀತದೆ ಪಾಪಾ. ಇನ್ನೊಂದು ಪ್ಲೇಟು ಎಲ್ಲಿಂದ ತರ್ಲಿ?” ಅನ್ನುತ್ತಿದ್ದ. (ಆ ಮನೆಯವರಿಗೆ ನಾನು ಈಗಲೂ ಪಾಪಾ, ಅಂದರೆ ಮಗು.) ನನ್ನ ಮದುವೆಯಲ್ಲಿ ಇನ್ನೊಂದು ಸಲ ಹಾಕು ಮಾವ ಅಂತ ನಾನೇ ಅತ್ತು ಕರೆದಿದ್ದೆ. ಜಪ್ಪಯ್ಯ ಅಂದರೂ ಹಾಕಲಿಲ್ಲ.

ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳಬಾರದಿತ್ತಾ ಅಂತ ಕೇಳ್ತೀರಿ. ನಾನೂ ಕೇಳಿದ್ದೆ. “ನನ್ನ ಅನ್ನ ತಿಂದದ್ದೇ ಆ ಕ್ಯಾಸೆಟ್ಟು. ಅದರ ಬಾಯಾಗೆ ನನ್ನ ಪ್ಲೇಟೂ ಇಡ್ಲಾ?” ಅಂತ ಎಗರಿಬಿದ್ದ.

ಈಗ ಅವನ ಮಗಳು ಕವಿತಾಳದೇ ಕಲ್ಯಾಣ. ಗಂಡು ತೇನಿಯವನು, ನಮ್ಮವನೇ. ಆದರೆ ಅವರ ಮನೆಯಲ್ಲಿ ಹೊಸ್ತಿಲ ಒಳಗೂ ತಮಿಳೇ. ಕವಿತಾ ಏನು ಕಮ್ಮಿಯೇ? ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ. ಎಲ್ಲ ತಿಳಿಯುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ಮಾವ ಅದಕ್ಕೆ ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದ. “ಆ ಮನೆಗೆ ಹೋದ ಮೇಲೆ ಇವಳ ಕಿವೀಗೆ ನಮ್ಮ ಮಾತು ಎಲ್ಲಿ ಬೀಳ್ತದೆ? ಹೋಗೋವಾಗ ಆ ಹಾಡಾದ್ರೂ ಕೇಳಿಸ್ಕಂಡು ಹೋಗ್ಲಿ” ಅಂದಿದ್ದ ನನ್ನ ಹತ್ತಿರ.

ನಾಳಿದ್ದು ಕಲ್ಯಾಣ ಅನ್ನುವಾಗ ಪ್ಲೇಯರ್ ಕೆಳಗಿಳಿಸಿ ನೋಡಿದರೆ ಹಾಡು ನೆಗಡಿ ಹಿಡಿದವರ ಹಾಗೆ ಗೊಣಗುತ್ತಿದೆ. ಕಾರ್ಟ್ರಿಡ್ಜ್ ಸತ್ತಿದೆ. ಕಂಬಂನಲ್ಲಿ ಸಿಗಲಿಲ್ಲ. ದಿಂಡಿಗಲ್ಲಿನಲ್ಲಿ ನಾನಿದ್ದೇನಲ್ಲ, ನನಗೆ ಫೋನು.

ಕೊನೆಗೆ ಸ್ಟೇಷನ್ ರಸ್ತೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಎರಡು ಸಿಕ್ಕವು. ಒಂದು ಹೊಸದು, ಡಬ್ಬ ಒಡೆಯದ್ದು. ಇನ್ನೊಂದು ಯಾರೋ ದೊಡ್ಡವರು ತೀರಿಕೊಂಡ ಮೇಲೆ ಅವರ ಮನೆಯವರು ಮಾರಿದ ಸೆಟ್ಟಿನಿಂದ ಬಿಚ್ಚಿದ್ದು. ಅಂಗಡಿಯವನು ಹೊಸದನ್ನು ಹೊಗಳಿದ. ಹಳೇದನ್ನೂ ಹೊಗಳಿದ. ಎರಡನ್ನೂ ಮಾರುವವನ ಮಾತನ್ನು ಯಾರು ನಂಬುತ್ತಾರೆ? ಪಕ್ಕದ ಎಸ್.ಟಿ.ಡಿ. ಬೂತಿಗೆ ಓಡಿದೆ.

“ಹೊಸದು ಬ್ಯಾಡ,” ಅಂದ ಮಾವ. “ಈಗಿನವು ಭಾರ. ಪ್ಲೇಟಿನ ಮೇಲೆ ಹಾಡಲ್ಲ, ಉಳ್ತವೆ. ಹಳೇದು ನನ್ನ ಸೆಟ್ಟಿನ ಜಾತೀದೇ. ಅದ್ನೇ ತಕ್ಕಂಡು ಬಾ.”

ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು. “ಸತ್ತವರ ಮನೇದು ಕಲ್ಯಾಣಕ್ಕಾ? ಹೊಸದು ತಾ ಪಾಪಾ, ಆಯಪ್ಪನ ಮಾತು ಕೇಳ್ಬ್ಯಾಡ!”

ಗಂಡ ಹೆಂಡತಿಯ ಜಗಳಕ್ಕೆ ಬೂತಿನ ಮೀಟರ್ ಓಡುತ್ತಿದೆ. ಫೋನು ಇಟ್ಟು ಅಂಗಡಿಗೆ ವಾಪಸ್ ಬಂದೆ. ಹಳೇದನ್ನು ಬೆಳಕಿಗೆ ಹಿಡಿದೆ. ಅದರ ಮುಳ್ಳು ಎಷ್ಟು ಪ್ಲೇಟು ತಿಂದು ಸವೆದಿದೆಯೋ ಯಾರಿಗೆ ಗೊತ್ತು? ಹೊಸದು ಉಳುತ್ತದೆ, ಹಳೇದು ಕೆರೆಯುತ್ತದೆ. ಇರೋದು ಒಂದೇ ಪ್ಲೇಟು. ನಾನು ತಪ್ಪು ಆರಿಸಿದರೆ ಆ ಹಾಡು ಅಲ್ಲಿಗೆ ಮುಗೀತು. ನಿಜ ಹೇಳ್ತೀನಿ, ಗಂಡನ ಮನೆಗೆ ಹೂಂ ಅನ್ನುವಾಗಲೂ ನನಗೆ ಇಷ್ಟು ಭಯ ಆಗಿರಲಿಲ್ಲ.

ಸಿಟ್ಟಿನಲ್ಲೇ ಕೇಳಿದೆ, ಅಲ್ಲಪ್ಪಾ, ಈ ಹಳೇದಕ್ಕೆ ಮುಳ್ಳು ಮಾತ್ರ ಹೊಸದು ಸಿಗಲ್ವಾ?

“ಇರುಕ್ಕೇ!” ಅಂದು ಡ್ರಾ ಎಳೆದ. ಇದೆಯಂತೆ! ಹಳೇ ಮುಳ್ಳು ಎಳೆದು ತೆಗೆದು ಹೊಸದು ಸಿಕ್ಕಿಸಿದರೆ ಆಯಿತಂತೆ. ಮೊದಲೇ ಹೇಳೋಕೆ ಏನು ಧಾಡಿ ಅಂತ ರೇಗಿದರೆ, ನೀವು ಕೇಳಲೇ ಇಲ್ಲವಲ್ಲ ಅನ್ನುತ್ತಾನೆ! ಒಳಕಲ್ಲು ಹಳೇದಿಟ್ಟುಕೊಂಡು ಗುಂಡುಕಲ್ಲು ಬದಲಾಯಿಸುವ ನಮಗೆ ಇಷ್ಟು ಹೊಳೆಯಬಾರದೇ?

ಕಂಬಂನಲ್ಲಿ ಬಸ್ಸಿಳಿದು ಮನೆ ಮೆಟ್ಟಿಲು ಹತ್ತುವ ಮುಂಚೆಯೇ ಅತ್ತೆಯ ತನಿಖೆ. “ಹೊಸದು ತಾನೆ?”

“ಮುಳ್ಳು ಹೊಸದು ಅತ್ತೆ. ಅದಿರಲಿ, ಕವಿತಾಗೆ ಹಾಕೋಕೆ ಇಟ್ಟಿದೀರಲ್ಲ ಸರ, ಅದು ಯಾರದು?”

“ನಮ್ಮತ್ತೇದು.”

“ಅವರೆಲ್ಲಿದಾರೆ ಈಗ?”

ಅತ್ತೆ ಒಂದು ಕ್ಷಣ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ನಗು ತಡೆಯಲಾಗದೆ “ಥೂ, ಬಾಯಿ ನೋಡು ಇವಳ್ದು!” ಅಂದು ಒಳಗೆ ಹೋದರು. ಚಿನ್ನಕ್ಕೆ ಸೆಕೆಂಡ್ ಹ್ಯಾಂಡ್ ಅನ್ನೋರನ್ನು ನಾನಂತೂ ಈವರೆಗೆ ಕಂಡಿಲ್ಲ. ನೀವು ಕಂಡಿದ್ದೀರಾ?

ಕಲ್ಯಾಣದ ಬೆಳಿಗ್ಗೆ ಮಾವ ಯಾರನ್ನೂ ಹತ್ತಿರ ಬಿಡದೆ ತಾನೇ ಮುಳ್ಳು ಇಳಿಸಿದ. ಮೊದಲು ಬರೀ ಸರಸರ ಸದ್ದು. ಆಮೇಲೆ, ಅಬ್ಬಾ! ಹೆಂಗಸರ ದನಿ, ಒಂದೊಂದು ಮಾತೂ ಬಿಡಿಬಿಡಿಯಾಗಿ. ಅಡುಗೆಯವರು ಸೌಟು ಹಿಡಿದುಕೊಂಡೇ ಆಚೆ ಬಂದು ನಿಂತರು. ತೇನಿಯಿಂದ ಬಂದಿದ್ದ ಬೀಗರು ಮುಖ ಮುಖ ನೋಡಿಕೊಂಡರು.

ಹಾಡು ಮುಗಿಯಿತು. ಮಾವ ಪ್ಲೇಟು ಎತ್ತಿ ಕವರಿಗೆ ಹಾಕಬೇಕು, ಅಷ್ಟರಲ್ಲಿ ಅರ್ಧ ಜಡೆ ಹೆಣೆದಿದ್ದ ಕವಿತಾ ಒಳಗಿಂದ ಬಂದಳು. ಹೆಂಗಸರು ಹಿಂದಿನಿಂದ ಕೂಗುತ್ತಿದ್ದಾರೆ, ಇವಳಿಗೆ ಕೇಳಿಸುತ್ತಲೇ ಇಲ್ಲ.

“ಅಪ್ಪಾ… ಇನ್ನೊಂದ್ ಸಲಿ ಆಕಪ್ಪಾ.”

ಸೊಟ್ಟ ಕನ್ನಡ. ಪೂರಾ ತಮಿಳಿನ ರಾಗ. ಆದರೂ ಕನ್ನಡ! ಮಾವ ಮಗಳನ್ನು ನೋಡಿದ. ಪ್ಲೇಟು ನೋಡಿದ. ತೋಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟ.

ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು. ಬಿಡುತ್ತೇನೆಯೇ? “ಏನ್ ಮಾವ, ಈಗ ಸವೆಯಲ್ವಾ?” ಅಂತ ಚುಚ್ಚಿದೆ.

“ಸವೀಲಿ ಬಿಡು ಪಾಪಾ,” ಅಂದ ಮಾವ, ಟವಲಿನಲ್ಲಿ ಮೂಗು ಒರೆಸಿಕೊಳ್ಳುತ್ತ. “ಅವಳು ಯಾವ ಮಾತಿನಾಗೆ ಕೇಳಿದ್ಳು, ನೋಡ್ದ್ಯಾ?”

ಕನ್ನಡ ನಾಡಿನಲ್ಲೇ ಇರುವ ನೀವು ಹೇಳಿ, ನಿಮ್ಮ ಮಗಳು ಕೊನೆಯ ಸಲ ನಿಮ್ಮನ್ನು ಕನ್ನಡದಲ್ಲಿ ಏನು ಕೇಳಿದಳು?