ಮೂರು ಪದರದ ರಕ್ತನಾಳ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದ ಕೋಣೆಗೆ ‘ಶಸ್ತ್ರಚಿಕಿತ್ಸಾ ಸಿಮ್ಯುಲೇಟರ್ ಕೇಂದ್ರ’ ಎಂಬ ಬೋರ್ಡಿತ್ತು. ಡಾಕ್ಟರುಗಳು ರಬ್ಬರ್ ಗೊಂಬೆಗಳ ಮೇಲೆ ಆಪರೇಷನ್ ಕಲಿಯುವ ಆ ಜಾಗ ಎಲ್ಲರ ಬಾಯಲ್ಲಿ ಗೊಂಬೆ ಕೋಣೆ. ಅಲ್ಲಿ ಕೆಲಸ ಮಾಡುವವಳು ಗೊಂಬೆಯಕ್ಕ. ಕಾಗದದಲ್ಲಿ ಅವಳ ಕೆಲಸ ‘ಮೇಜು ಒರೆಸುವುದು ಇತ್ಯಾದಿ’. ಹನ್ನೊಂದು ವರ್ಷದಿಂದ ಅವಳು ಆ ‘ಇತ್ಯಾದಿ’ಯಲ್ಲೇ ಸವೆಯುತ್ತಿದ್ದಳು.

ಇತ್ಯಾದಿ ಎಂದರೆ ಆ ಗೊಂಬೆಗಳಿಗೆ ರಕ್ತನಾಳ ಮಾಡುವುದು. ಹೊರಗಿನಿಂದ ತರಿಸುತ್ತಿದ್ದ ನಾಳಗಳು ಬರುವುದು ನಿಂತಾಗ, ಈಗ ನಿವೃತ್ತರಾಗಿರುವ ಪ್ರೊಫೆಸರು ಅವಳ ಕೈಗೆ ಗಾಜಿನ ಕಡ್ಡಿ, ಬ್ರಷ್, ಒಂದು ಡಬ್ಬಿ ಸಿಲಿಕೋನ್ ಕೊಟ್ಟು, “ನೋಡಮ್ಮ, ಏನಾದ್ರೂ ಮಾಡೋಕಾಗುತ್ತಾ” ಎಂದಿದ್ದರು. ಆರು ತಿಂಗಳು ಕೆಡಿಸಿ ಕೆಡಿಸಿ ಕಲಿತಳು. ಒಂದು ಪದರ ಬಳಿದು ಕಡ್ಡಿಯನ್ನು ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಇಳಿದು ದಪ್ಪವಾಗುತ್ತದೆ. ಬೆರಳಿಗೆ ಅಂಟದೆ ಉಗುರಿಗಷ್ಟೇ ಅಂಟುವ ಹೊತ್ತು ನೋಡಿ ಎರಡನೆಯದು. ಹಾಗೆಯೇ ಮೂರನೆಯದು. ಪ್ರೊಫೆಸರು ಸೂಜಿ ಚುಚ್ಚಿ ದಾರ ಎಳೆದು, “ಇದೇ ಕಣಮ್ಮ. ವಯಸ್ಸಾದವರ ನಾಳ ಹೀಗೇ ಇರೋದು” ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

ಕಲಿಯುವ ಡಾಕ್ಟರುಗಳು ರಬ್ಬರಿನ ಎದೆಯೊಳಗೆ, ನಡುವೆ ಕತ್ತರಿಸಿದ ಆ ನಾಳದ ಎರಡು ತುದಿಗಳನ್ನು ಜೋಡಿಸಿ ಹೊಲಿಯಬೇಕು. ಆಮೇಲೆ ಪಂಪು ಕೆಂಪು ನೀರು ನುಗ್ಗಿಸುತ್ತದೆ. ಗಂಟು ಬಿಗಿಯುವಾಗ ದಾರ ನಾಳದ ಮಟ್ಟದಲ್ಲೇ ಇರಬೇಕು. ಕೈ ಮೇಲಕ್ಕೆ ಹೋದರೆ ನಾಳ ಹರಿಯುತ್ತದೆ. ಹೆಚ್ಚಿನವರ ಕೈ ಮೇಲಕ್ಕೇ ಹೋಗುತ್ತಿತ್ತು. ಬೈಗುಳ ಮಾತ್ರ ನಾಳಕ್ಕೆ, ಅಂದರೆ ಗೊಂಬೆಯಕ್ಕನಿಗೆ. “ಅಕ್ಕ, ನಂದು ಯಾಕೆ ಹರೀತು?” ಎಂದು ಕೇಳಿದವಳು ಒಬ್ಬಳೇ, ಎಡಚಿ ಡಾಕ್ಟರಮ್ಮ. ಅವಳು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಹೊಲಿಯುತ್ತಿದ್ದಳು.

ಪರೀಕ್ಷೆಗೆ ವಾರವಿದೆ ಎನ್ನುವಾಗ ದೊಡ್ಡ ಡಾಕ್ಟರು ಕೆಳಗಿಳಿದು ಬಂದರು.

“ಈ ಸಲ ಹೊರಗಿನ ಪರೀಕ್ಷಕರು ಬರ್ತಾರೆ. ನಾಳಕ್ಕೆ ಐದು ಪದರ ಬಳಿ.”

“ಐದಾದ್ರೆ ಹೇಗೆ ಎಳೆದ್ರೂ ಹರಿಯಲ್ಲ ಸಾರ್.”

“ಅದಕ್ಕೇ ಹೇಳ್ತಿರೋದು.”

“ಆಮೇಲೆ ಮೇಲಿನ ಮಹಡೀಲಿ ಮನುಷ್ಯರಿಗೂ ಹಾಗೇ ಎಳೀತಾರಲ್ಲ ಸಾರ್?”

ದೊಡ್ಡ ಡಾಕ್ಟರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಆಪರೇಷನ್ ನೀನು ನಂಗೆ ಹೇಳ್ಕೊಡ್ತೀಯಾ? ಹಿಟ್ಟು ಕಲಸೋ ಅಂಥ ಕೆಲಸ ಇದು. ಸೌಟು ಹಿಡಿದ ಯಾವ ಹೆಂಗಸಾದ್ರೂ ಮಾಡ್ತಾಳೆ. ಆಗಲ್ಲ ಅಂದ್ರೆ ಹೇಳು, ಪಕ್ಕದಲ್ಲೇ ಬಟ್ಟೆ ಒಗೆಯೋದಿದೆ.”

ಸಂಜೆ ಮನೆಯಲ್ಲಿ ಗಂಡ ಅಂಗಿಯನ್ನು ಅವಳ ಮಡಿಲಿಗೆ ಎಸೆದ. “ರಬ್ಬರ್ ಕೊಳವೆ ಮಾಡೋ ಕೈಗೆ ಒಂದು ಗುಂಡಿ ಹೊಲಿಯೋಕಾಗಲ್ವಾ?” ಅವಳು ಗುಂಡಿ ಹೊಲಿಯುತ್ತಾ ನಡೆದದ್ದನ್ನು ಹೇಳಿದಳು.

“ಐದು ಅಂದ್ರೆ ಐದು ಬಳಿದು ಬಿಸಾಕು. ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?” ಎಂದ ಅವನು ತಟ್ಟೆ ತಳ್ಳಿ, “ಉಪ್ಪು ಕಮ್ಮಿ” ಎಂದ.

“ಉಪ್ಪಿನ ಡಬ್ಬಿ ಒಳಗಿದೆ.”

“ಎಲ್ಲಿ?”

ಮದುವೆಯಾಗಿ ಹದಿನೆಂಟು ವರ್ಷ. ಅವಳು ಎದ್ದು ತಂದುಕೊಟ್ಟಳು. ಮರುದಿನ ಮೂರೇ ಪದರ ಬಳಿದು, ಡಬ್ಬಿಯ ಮೇಲೆ ‘ಮೂರು’ ಎಂದು ದಪ್ಪಕ್ಷರದಲ್ಲಿ ಬರೆದಿಟ್ಟಳು.

ಪರೀಕ್ಷೆಯ ದಿನ ಆರು ಜನ ಹೊಲಿದರು. ಪಂಪು ಹಾಕಿದಾಗ ಐವರ ನಾಳ ಹರಿದು ಕೆಂಪು ನೀರು ಪರೀಕ್ಷಕರ ಬೂಟಿನವರೆಗೆ ಹರಿಯಿತು. ಎಡಚಿಯ ಹೊಲಿಗೆಯಲ್ಲಿ ಒಂದು ಹನಿಯೂ ಜಿನುಗಲಿಲ್ಲ. ಪರೀಕ್ಷಕರು ಹರಿದ ನಾಳವೊಂದನ್ನು ಬೆರಳಲ್ಲಿ ಹೊಸಕಿ, “ನಾಳ ಸರಿಯಾಗಿದೆ, ಕೈ ಸರಿಯಿಲ್ಲ. ಮುಂದಿನ ತಿಂಗಳು ಇಂಥದ್ದೇ ನಾಳದ ಮೇಲೆ ಮರುಪರೀಕ್ಷೆ” ಎಂದು ಬರೆದು ಹೋದರು.

“ಎಷ್ಟು ಬಳಿದೆ?” ದೊಡ್ಡ ಡಾಕ್ಟರು ಕೇಳಿದರು.

“ಮೂರು. ಡಬ್ಬಿ ಮೇಲೇ ಬರೆದಿದೀನಲ್ಲ ಸಾರ್.”

ಗೊಂಬೆಯಕ್ಕ ಮರುದಿನವೇ ಬಟ್ಟೆ ಒಗೆಯುವ ಕಡೆ ಹೋದಳು. ಗೋಡೆಯಾಚೆಯ ಸದ್ದು ಅವಳಿಗೆ ಕೇಳುತ್ತಿತ್ತು. ನಾಳ ಬಳಿಯಲು ಸೌಟು ಹಿಡಿದ ಇಬ್ಬರು ಹೆಂಗಸರನ್ನು ಕರೆತಂದರು, ಸೌಟು ಹಿಡಿಯದ ಒಬ್ಬ ಇಂಜಿನಿಯರನ್ನೂ ಕರೆತಂದರು. ಕಡ್ಡಿಯಿಂದ ಬಿಚ್ಚಿದ್ದೆಲ್ಲ ಒಂದೋ ಗಂಟುಗಂಟು, ಇಲ್ಲವೇ ಚಿಂದಿ. ಬೆರಳು, ಉಗುರಿನ ಲೆಕ್ಕವನ್ನು ಹನ್ನೊಂದು ವರ್ಷದಲ್ಲಿ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅಡುಗೆಮನೆ ಕೆಲಸದಂಥದ್ದನ್ನು ಯಾರು ಬರೆದಿಡುತ್ತಾರೆ?

ಮರುಪರೀಕ್ಷೆಗೆ ಒಂದು ವಾರವಿದ್ದಾಗ, ರಜಾದಿನ ಬೆಳಿಗ್ಗೆ ಮನೆಯ ಫೋನು ಬಡಿದುಕೊಂಡಿತು. ಎತ್ತಿದ ಗಂಡ ಕುರ್ಚಿಯಿಂದ ಎದ್ದೇ ನಿಂತ. “ಸಾರ್... ಖಂಡಿತ ಸಾರ್... ಇಲ್ಲೇ ಇದಾಳೆ ಸಾರ್.” ಫೋನನ್ನು ಎದೆಗೆ ಅವುಚಿಕೊಂಡು ಪಿಸುಗುಟ್ಟಿದ. “ದೊಡ್ಡ ಡಾಕ್ಟರು ಕಣೇ! ಅದೇನೋ ಬಳಿಯೋ ವಿಧಾನ ಹೇಳ್ಬೇಕಂತೆ. ಹೇಳ್ಬಿಡು, ಎರಡು ನಿಮಿಷದ ಕೆಲಸ.”

ಗೊಂಬೆಯಕ್ಕ ಊಟದ ಮೇಜು ಒರೆಸುತ್ತಿದ್ದಳು. ಬಟ್ಟೆ ಹಿಂಡಿದಳು, ಮತ್ತೆ ಒರೆಸಿದಳು.

“ಹೇಳೇ! ಕಾಯ್ತಿದಾರೆ.”

“ಕಾಯ್ಲಿ. ‘ರಕ್ತನಾಳ ತಯಾರಿಸುವವಳು’ ಅಂತ ನನ್ನ ಹುದ್ದೆ ಬರೀಲಿ. ಮೂರು ಪದರಕ್ಕಿಂತ ಒಂದೂ ಹೆಚ್ಚು ಬಳಿಸಲ್ಲ ಅಂತ್ಲೂ ಬರೆದು, ಸಹಿ ಹಾಕಿ ಕಳಿಸ್ಲಿ.”

“ನಿಂಗೇನು ತಲೆ ಕೆಟ್ಟಿದೆಯಾ? ಅವರಿಗೆ ನಾನು ಹೀಗೆಲ್ಲ ಹೇಳೋಕಾಗುತ್ತಾ?”

“ಮೇಜು ಒರೆಸೋದನ್ನ ಯಾರು ಕೇಳಿದ್ರೂ ಪುಕ್ಕಟೆ ಹೇಳ್ಕೊಡ್ತಾಳಂತೆ ಅನ್ನಿ. ಬೇಕಾದ್ರೆ ನಿಮಗೂ ಹೇಳ್ಕೊಡ್ತೀನಿ,” ಎಂದು ಒದ್ದೆ ಬಟ್ಟೆಯನ್ನು ಅವನ ಖಾಲಿ ಕೈಗಿಟ್ಟಳು. “ಇತ್ಯಾದಿಗೆ ಮಾತ್ರ ಕಾಗದ ಬೇಕು.”