ಗಾಳೆಪ್ಪನ ಮನಿ ರೊಟ್ಟಿ ಸಪ್ಪಳ

ನಿಜಾಮನ ಕಾಲದ ಮಾತಿದು. ಯಲಬುರ್ಗಾದ ಗಾಳೆಪ್ಪಗ ಕಚೇರ್ಯಾಗ ಚಪರಾಸಿ ನೌಕರಿ ಸಿಕ್ಕಿದ್ದ ತಡ, ಅವನ ನಡಿಗೀನ ಬದಲಾತು. ಎದಿ ಮ್ಯಾಲ ಹಿತ್ತಾಳಿ ಬಿಲ್ಲೆ ಬಂತಲ್ಲ! "ಸರಕಾರಿ ಮನಿಷ್ಯಾನ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಕೇಳಬಾರದು" ಅಂತ ಹೆಂಡತಿ ಹೊಳಿಯಮ್ಮಗ ತಾಕೀತು ಮಾಡಿದ. ಓಣಿ ಕಟ್ಟಿ ಮ್ಯಾಲ ಕುಂತು ಊರಿಗೂ ಸಾರಿದ. ಹಬ್ಬಕ್ಕೊಮ್ಮೆ ಅನ್ನ ಕಾಣೋ ಮಂದಿ ನಡುವ ಇವನು ಮೂರೂ ಹೊತ್ತು ಬಿಳಿ ಅನ್ನ ಉಣ್ಣಾಕ ಹತ್ತಿದ. ಪುಂಡಿಪಲ್ಲೆ, ಹಕ್ಕರಕಿ ಸೊಪ್ಪು ಎಲ್ಲಾ ಇವನಿಗೆ ದನದ ಮೇವು. ಏನು ಸೊಕ್ಕು ಅಂತೀರಿ!

ವರ್ಷಗಟ್ಟಲೆ ಹಿಂಗ ನಡೀತು. ಬಿಲ್ಲೆ ಹೊಳೀತಿತ್ತು, ಹೊಟ್ಟಿ ಕಟ್ಟಿಕೊಂಡಿತ್ತು. ಮುಂಜಾನೆ ತಂಬಿಗಿ ಹಿಡಕೊಂಡು ಹೊರಕಡಿಗೆ ಹೋದಾಂವ, ಬಿಸಿಲು ನೆತ್ತಿಗೆ ಬಂದ್ರೂ ತಿರುಗಿ ಬರ್ತಿರಲಿಲ್ಲ. ಒಂದಿನ ಎಡಕ್ಕ ಕೆಳಹೊಟ್ಟ್ಯಾಗ ಚಳುಕು ಹೊಡೆದು, ಜ್ವರ ಬಂದು, ಕಚೇರಿ ಬಾಗಿಲದಾಗ ಮುದ್ದಿಯಾಗಿ ಕುಂತ.

ಹಕೀಮ ಮಕ್ಬುಲಸಾಬ ಹೊಟ್ಟಿ ಒತ್ತಿ ನೋಡಿದ, ಊಟದ ಸುದ್ದಿ ಕೇಳಿ ನಕ್ಕುಬಿಟ್ಟ.

"ತಿಣುಕಿ ತಿಣುಕಿ ಕರುಳಿನ ಗೋಡಿ ಉಬ್ಬಿ ಸಣ್ಣ ಸಣ್ಣ ಚೀಲ ಆಗಿರಬೇಕು ಗಾಳೆಪ್ಪ. ನೋವು ಇಳಿಯೋತನಕ ತೆಳ್ಳನ ಗಂಜಿ ಕುಡಿ. ಆಮ್ಯಾಲ ದಿನಾ ರೊಟ್ಟಿ, ಪಲ್ಲೆ, ಹೊಟ್ಟಿ ತುಂಬ ನೀರು. ಇಲ್ಲಂದ್ರ ಮತ್ತ ಬರತೈತಿ, ಆವಾಗ ನನ್ನ ಕೈಯಾಗ ಏನೂ ಇಲ್ಲ."

ನೋವು ಇಳೀತು, ಅಂಜಿಕಿ ಏರಿತು. ರೊಟ್ಟಿ ತಿನ್ನಬೇಕಂದ್ರ ಬಡೀಬೇಕು. ಬಡಿದ್ರ ಓಣಿಗೆಲ್ಲಾ ಕೇಳತೈತಿ. ಜೀವ ಉಳಿಸ್ಕೋಬೇಕೋ ಮಾನ ಉಳಿಸ್ಕೋಬೇಕೋ?

"ಸಪ್ಪಳಿಲ್ಲದಂಗ ಬಡಿ" ಅಂದ ಹೆಂಡತಿಗೆ.

"ಕಂಬಳಿ ಹಾಸಿ ಬಡೀಲೇನು? ಇಷ್ಟು ವರ್ಷ ಬಾಜೂಮನಿ ಫಾತಿಮಾಬೀ ಕಡೆ ಕದ್ದು ರೊಟ್ಟಿ ತಿಂದೀನಿ. ಇನ್ನ ನನ್ನ ಕೈಲೆ ಆಗೂದಿಲ್ಲ" ಅಂದು ಹೊಳಿಯಮ್ಮ ಬಾಗಿಲಾ ತೆರದಿಟ್ಟು ಒಲಿ ಮುಂದ ಕುಂತಳು. ಕಟ್ಟಿಕೊಂಡ ಹೆಂಡತಿ ಮಂದಿ ಮನ್ಯಾಗ ಕದ್ದು ಉಂಡಾಳಂತ ಕೇಳಿ ಗಾಳೆಪ್ಪಗ ಖರೇನ ನಾಚಿಕಿ ಆತು. ಬಾಗಿಲಾ ಹಾಕಾಕ ಎದ್ದಾಂವ ಹಂಗ ಕುಂತುಬಿಟ್ಟ.

ಪಟಪಟ ಸಪ್ಪಳಕ್ಕ ಓಣಿ ಹೆಣ್ಣಮಕ್ಕಳು ಬಾಗಿಲಿಗೇ ಬಂದ್ರು. ಗಾಳೆಪ್ಪ ಒಂದೆರಡು ದಿನ ತಲಿ ತಗ್ಗಿಸಿ ತಿಂದ. ಆಮ್ಯಾಲೊಂದು ಮುಂಜಾನೆ ತಂಬಿಗಿ ಹಿಡಕೊಂಡು ಹೋದಾಂವ, ಹೋದಷ್ಟ ಲಗೂನ ತಿರುಗಿ ಬಂದ. ಮಾರಿ ಮ್ಯಾಲ ಅಂಥಾ ಕಳೆ ಮದವಿ ದಿನಾನೂ ಇರಲಿಲ್ಲ.

ಎದುರುಮನಿ ಮುದುಕಿ ಪಾರ್ವತೆಮ್ಮ ರೊಟ್ಟಿ ಸಪ್ಪಳ ಕೇಳಿ ಬಂದು ಕನಿಕರಪಟ್ಟು ಕೇಳಿದಳು, "ಖರೇ ಹೇಳೋ ಎಪ್ಪಾ, ನೌಕರಿ ಹೋತೇನು?"

"ನೌಕರಿ ಐತಿ ಯವ್ವಾ. ಹೋದ್ರೂ ಹೋಗ್ಲಿ ತಗಿ" ಅಂದ ಗಾಳೆಪ್ಪ, ತಾಟಿನ ಮುಂದ ಕುಂಡ್ರುತ್ತಾ. ಆಮ್ಯಾಲ ಹೆಂಡತಿ ಕಡೆ ತಿರುಗಿದ. "ಏ, ಇನ್ನೊಂದು ಬಡಿ. ಜೋರ್ಲೆ ಬಡಿ."